ಮುಕ್ತ ತಂತ್ರಾಂಶ, ಮುಚ್ಚಿದ ಯಂತ್ರ

ಲಿನಕ್ಸ್‌ನಂಥ ಮುಕ್ತ ಆಪರೇಟಿಂಗ್ ಸಿಸ್ಟಂಗೆ ಹೊಂದುವ ಲ್ಯಾಪ್‌ಟಾಪ್ ಆರಿಸುವಾಗ ಎರಡು ಪ್ರಶ್ನೆಗಳು ಒಂದರೊಳಗೊಂದು ಹೆಣೆದುಕೊಂಡು ಬರುತ್ತವೆ. ಯಂತ್ರದ ವೈಫೈ, ಪರದೆ, ಕ್ಯಾಮೆರಾ, ಬ್ಯಾಟರಿ ಎಲ್ಲವೂ ಆ ವ್ಯವಸ್ಥೆಯಲ್ಲಿ ಸರಿಯಾಗಿ ನಡೆಯುತ್ತವೆಯೇ ಎಂಬುದು ಮೊದಲನೆಯದು. ಇದನ್ನು ಪರೀಕ್ಷೆ ಮಾಡಿ ತಿಳಿಯಬಹುದು. ದುಡ್ಡು ಕೊಟ್ಟು ಕೊಂಡವರ ಮಾತನ್ನು ಆ ಯಂತ್ರ ಎಲ್ಲಿಯವರೆಗೆ ಕೇಳುತ್ತದೆ ಎಂಬುದು ಎರಡನೆಯದು. ಇದು ನೀತಿಗೆ ಸೇರಿದ ಪ್ರಶ್ನೆ. ಅಂಗಡಿಯವರು ಕೊಡುವ ವಿವರಪಟ್ಟಿಯಲ್ಲಿ ಇದಕ್ಕೆ ಉತ್ತರ ಇರುವುದಿಲ್ಲ. ಇಂದು ಮಾರಾಟಕ್ಕಿರುವ ಹೆಚ್ಚುಕಡಿಮೆ ಎಲ್ಲ ಲ್ಯಾಪ್‌ಟಾಪ್‌ಗಳಲ್ಲೂ ಆಪರೇಟಿಂಗ್ ಸಿಸ್ಟಂನ ಕೆಳಗೆ ತಯಾರಕರ ಮುಚ್ಚಿದ ತಂತ್ರಾಂಶ ಓಡುತ್ತಿರುತ್ತದೆ. ಮೇಲಿನದು ಎಷ್ಟೇ ಮುಕ್ತವಾಗಿರಲಿ, ಕೆಳಗಿನದನ್ನು ಓದಲೂ ಆಗದು, ತಿದ್ದಲೂ ಆಗದು. ಹಾಗಿರುವಾಗ, ಪೂರ್ತಿ ಪಾಲಿಸಲಾಗದ ನೇಮವನ್ನು ಅರ್ಧ ಪಾಲಿಸುವುದಕ್ಕೆ ಅರ್ಥವಿದೆಯೇ? ಅರ್ಧ ಪಾಲಿಸಿದವರು ತಮ್ಮನ್ನು ತಾವೇ ವಂಚಿಸಿಕೊಳ್ಳುತ್ತಿದ್ದಾರೆಯೇ? ಲ್ಯಾಪ್‌ಟಾಪ್‌ನ ಆಯ್ಕೆ ಕೊನೆಗೆ ಬಂದು ನಿಲ್ಲುವುದು ಇಲ್ಲಿ.

ಮುಕ್ತ ತಂತ್ರಾಂಶದ ಚಳವಳಿಯ ಬೇರು ಒಂದು ಯಂತ್ರದ ಜತೆಗಿನ ತಕರಾರಿನಲ್ಲಿದೆ. ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ 1980ರ ಸುಮಾರಿಗೆ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಒಂದು ಬಂತು. ಅದಕ್ಕೂ ಹಿಂದಿನ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ, ಕಾಯುತ್ತಿದ್ದವರಿಗೆ ಸುದ್ದಿ ಹೋಗುವಂತೆ ಅಲ್ಲಿನ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ ತಂತ್ರಾಂಶವನ್ನು ತಿದ್ದಿಕೊಂಡಿದ್ದರು. ಹೊಸ ಪ್ರಿಂಟರಿನ ಸೋರ್ಸ್ ಕೋಡ್ ಸಿಗಲಿಲ್ಲ. ಅದನ್ನು ಇಟ್ಟುಕೊಂಡಿದ್ದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಒಬ್ಬರು, ಯಾರಿಗೂ ಕೊಡುವುದಿಲ್ಲವೆಂದು ಕರಾರಿಗೆ ಸಹಿ ಹಾಕಿದ್ದರಿಂದ, ಕೇಳಿದಾಗ ಕೊಡಲಿಲ್ಲ. ಸ್ಟಾಲ್‌ಮನ್ 1983ರ ಸೆಪ್ಟೆಂಬರ್ 27ರಂದು, ಪೂರ್ತಿ ಮುಕ್ತವಾದ ಆಪರೇಟಿಂಗ್ ಸಿಸ್ಟಂ ಕಟ್ಟುವ ಗ್ನೂ ಯೋಜನೆಯನ್ನು ಘೋಷಿಸಿದರು. 1985ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಸ್ಥಾಪಿಸಿದರು. ಯಾವ ಉದ್ದೇಶಕ್ಕಾದರೂ ಓಡಿಸುವುದು, ಓದಿ ತಿದ್ದುವುದು, ಪ್ರತಿಯನ್ನು ಹಂಚುವುದು, ತಿದ್ದಿದ ಪ್ರತಿಯನ್ನೂ ಹಂಚುವುದು ಎಂಬ ನಾಲ್ಕು ಸ್ವಾತಂತ್ರ್ಯಗಳು ಈ ಚಿಂತನೆಯ ಆಧಾರ. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಬರೆಯತೊಡಗಿದ ಲಿನಕ್ಸ್ ಎಂಬ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು, ಮರುವರ್ಷ ಗ್ನೂ ಪರವಾನಗಿಯಡಿ ಬಂದಮೇಲೆ ಸಾಮಾನ್ಯ ಪಿಸಿಯಲ್ಲಿ ನಡೆಯುವ ಪೂರ್ಣ ಮುಕ್ತ ವ್ಯವಸ್ಥೆಯೊಂದು ಸಾಧ್ಯವಾಯಿತು.

ಸ್ಟಾಲ್‌ಮನ್‌ರ ವಾದದ ಬಗೆಯನ್ನು ಇಲ್ಲಿ ಗಮನಿಸಬೇಕು. ಮುಚ್ಚಿದ ತಂತ್ರಾಂಶ ಕಳಪೆ ಎಂದು ಅವರು ಹೇಳಲಿಲ್ಲ. ನೆರೆಯವರಿಗೆ ನೆರವಾಗುವುದಿಲ್ಲ ಎಂದು ಮಾತು ಬರೆಸಿಕೊಳ್ಳುವುದೇ ತಪ್ಪು ಎಂದರು. 1998ರಲ್ಲಿ ಓಪನ್ ಸೋರ್ಸ್ ಎಂಬ ಹೆಸರಿನಲ್ಲಿ ಬೇರೆಯಾಗಿ ನಿಂತ ಬಳಗ, ತೆರೆದ ಕೋಡಿನಿಂದ ಒಳ್ಳೆಯ ತಂತ್ರಾಂಶ ಹುಟ್ಟುತ್ತದೆ ಎಂಬ ಕಡೆಗೆ ಒತ್ತು ಕೊಟ್ಟಿತು. ಫಲವನ್ನು ನೋಡಿ ನಿರ್ಧರಿಸುವವರು ಒಂದು ಕಡೆ, ಕರ್ಮವನ್ನೇ ನೋಡುವವರು ಇನ್ನೊಂದು ಕಡೆ. ಎಲ್ಲ ಭಾಗಗಳೂ ನಡೆದರೆ ಸಾಕೆನ್ನುವ ಲ್ಯಾಪ್‌ಟಾಪ್ ಕೊಳ್ಳುಗರು ಮೊದಲ ಬಳಗಕ್ಕೆ ಸೇರುತ್ತಾರೆ. ಎರಡನೆಯ ಬಳಗದವರಿಗೆ ಕಷ್ಟ ಆರಂಭವಾಗುವುದೇ ಯಂತ್ರದ ಒಳಗೆ ಇಣುಕಿದಾಗ.

ಗುಂಡಿ ಒತ್ತಿದೊಡನೆ ಓಡತೊಡಗುವುದು ಮದರ್‌ಬೋರ್ಡ್ ಮೇಲಿನ ಒಂದು ಪುಟ್ಟ ಫ್ಲ್ಯಾಶ್ ಚಿಪ್‌ನಲ್ಲಿರುವ ಬಯಾಸ್. ಈಗಿನ ಯಂತ್ರಗಳಲ್ಲಿ ಅದರ ಜಾಗದಲ್ಲಿ ಯುಇಎಫ್‌ಐ ಇರುತ್ತದೆ. ಮೆಮೊರಿಯನ್ನು ಸಿದ್ಧಗೊಳಿಸಿ, ಡಿಸ್ಕ್ ಹುಡುಕಿ, ಕರ್ನಲ್ಲಿಗೆ ಅಧಿಕಾರ ಒಪ್ಪಿಸುವುದು ಅದರ ಕೆಲಸ. ಇದಕ್ಕೆ ಮುಕ್ತ ಬದಲಿಯೊಂದು ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ 1999ರಲ್ಲಿ ಲಿನಕ್ಸ್‌ಬಯಾಸ್ ಎಂಬ ಹೆಸರಿನಿಂದ ಆರಂಭವಾಯಿತು. 2008ರಿಂದ ಅದರ ಹೆಸರು ಕೋರ್‌ಬೂಟ್. ಆದರೆ ಪ್ರತಿ ಮದರ್‌ಬೋರ್ಡಿಗೂ ಅದನ್ನು ಪ್ರತ್ಯೇಕವಾಗಿ ಹೊಂದಿಸಬೇಕು. ಹೊಸ ಚಿಪ್‌ಗಳಲ್ಲಿ ಮೆಮೊರಿಯನ್ನು ಸಿದ್ಧಗೊಳಿಸುವ ಭಾಗ ತಯಾರಕರ ಮುಚ್ಚಿದ ತುಣುಕಾಗಿಯೇ ಬರುವುದರಿಂದ, ಕೋರ್‌ಬೂಟ್ ಹಾಕಿದ ಹೊಸ ಯಂತ್ರವೂ ಪೂರ್ಣ ಮುಕ್ತ ಆಗುವುದಿಲ್ಲ.

ಅದರ ಪಕ್ಕದಲ್ಲೇ ಹೆಚ್ಚು ಗಂಭೀರವಾದ ಇನ್ನೊಂದು ಸಂಗತಿ ಇದೆ. ಇಂಟೆಲ್ ಚಿಪ್‌ಸೆಟ್‌ಗಳಲ್ಲಿ ಮ್ಯಾನೇಜ್‌ಮೆಂಟ್ ಎಂಜಿನ್ ಎಂಬ ಪ್ರತ್ಯೇಕ ಪ್ರೊಸೆಸರ್ ಕುಳಿತಿದೆ. ಮುಖ್ಯ ಪ್ರೊಸೆಸರ್ ಮಲಗಿದ್ದಾಗಲೂ ಅದು ಎಚ್ಚರವಿರಬಲ್ಲದು. ನೆಟ್‌ವರ್ಕ್ ಮೂಲಕ ದೂರದಿಂದಲೇ ಯಂತ್ರವನ್ನು ನಿರ್ವಹಿಸುವ ಸೌಲಭ್ಯ ಕಂಪನಿಗಳಿಗೆ ಮಾರುವ ಮಾದರಿಗಳಲ್ಲಿ ಅದರ ಮೇಲೆಯೇ ನಿಂತಿದೆ. 2015ರ ನಂತರದ ಆವೃತ್ತಿಗಳಲ್ಲಿ ಅದರೊಳಗೆ ಓಡುವುದು ಆಂಡ್ರ್ಯೂ ಟ್ಯಾನೆನ್‌ಬಾಮ್ ಬೋಧನೆಗಾಗಿ ಬರೆದಿದ್ದ ಮಿನಿಕ್ಸ್‌ನಿಂದ ಬೆಳೆದ ಒಂದು ವ್ಯವಸ್ಥೆ. ಇದು ಟ್ಯಾನೆನ್‌ಬಾಮ್‌ಗೇ ಸುದ್ದಿಯಾಗಿ ತಿಳಿದದ್ದು 2017ರಲ್ಲಿ. ಅದೇ ವರ್ಷದ ಮೇ ತಿಂಗಳಲ್ಲಿ, ದೂರನಿರ್ವಹಣೆಯ ಆ ಸೌಲಭ್ಯದಲ್ಲಿ ಸರಿಯಾದ ಪಾಸ್‌ವರ್ಡ್ ಇಲ್ಲದೆಯೇ ಒಳನುಗ್ಗಲು ಬಿಡುವ ದೋಷವೊಂದು ಬಹಿರಂಗವಾಯಿತು. ಮನೆಯ ಯಜಮಾನರಿಗೆ ಕೀಲಿಕೈ ಕೊಡದ ಕೋಣೆಯೊಂದು ಮನೆಯೊಳಗೇ ಇದ್ದಂತಾಯಿತು. ಎಎಂಡಿ ಪ್ರೊಸೆಸರ್‌ಗಳಲ್ಲೂ ಇಂಥದೇ ಒಂದು ಭದ್ರತಾ ಪ್ರೊಸೆಸರ್ ಇದೆ. ಇನ್ನು ಪ್ರೊಸೆಸರ್‌ನ ಒಳಗಿನ ಮೈಕ್ರೋಕೋಡ್, ವೈಫೈ ಕಾರ್ಡಿನ ಫರ್ಮ್‌ವೇರ್ (ಸಾಧನದೊಳಗೇ ಓಡುವ ತಂತ್ರಾಂಶ), ಎಸ್‌ಎಸ್‌ಡಿಯದು, ಕೀಬೋರ್ಡ್ ಮತ್ತು ಬ್ಯಾಟರಿಯನ್ನು ನೋಡಿಕೊಳ್ಳುವ ಕಂಟ್ರೋಲರಿನದು ಎಂದು ಪಟ್ಟಿ ಬೆಳೆಯುತ್ತದೆ.

ಇವುಗಳಲ್ಲಿ ಆದಷ್ಟನ್ನೂ ತೊರೆದ ಲ್ಯಾಪ್‌ಟಾಪ್ ಹೇಗಿರುತ್ತದೆ ಎಂಬುದಕ್ಕೆ 2008ರ ಥಿಂಕ್‌ಪ್ಯಾಡ್ ಎಕ್ಸ್200 ಉದಾಹರಣೆ. 12.1 ಇಂಚಿನ ಪರದೆ, ಇಂಟೆಲ್ ಕೋರ್ 2 ಡುಯೋ ಪ್ರೊಸೆಸರ್, ಹೆಚ್ಚೆಂದರೆ 8 ಜಿಬಿ ಮೆಮೊರಿ. ಅದರ ಚಿಪ್‌ಸೆಟ್‌ನಲ್ಲಿ ಮ್ಯಾನೇಜ್‌ಮೆಂಟ್ ಎಂಜಿನ್‌ನ ಫರ್ಮ್‌ವೇರನ್ನು ಪೂರ್ತಿ ತೆಗೆದುಹಾಕಿದರೂ ಯಂತ್ರ ನಡೆಯುತ್ತದೆ. ಅನಂತರದ ಪೀಳಿಗೆಗಳಲ್ಲಿ ಹಾಗೆ ಮಾಡಿದರೆ ಅರ್ಧ ಗಂಟೆಗೆ ಯಂತ್ರ ತಾನಾಗಿ ನಂದಿಹೋಗುತ್ತದೆ. ಎಕ್ಸ್200ಕ್ಕೆ ಕೋರ್‌ಬೂಟ್ ಆಧಾರಿತ ಲಿಬ್ರೆಬೂಟ್ ಹಾಕಬೇಕಾದರೆ ಮೊದಲ ಸಲ ಕೈಕೆಲಸ ತಪ್ಪಿದ್ದಲ್ಲ. ಬ್ಯಾಟರಿ ತೆಗೆದು, ತಳದ ಸ್ಕ್ರೂಗಳನ್ನು ಬಿಚ್ಚಿ, ಕೀಬೋರ್ಡನ್ನೂ ಅಂಗೈ ಊರುವ ಪಟ್ಟಿಯನ್ನೂ ಎತ್ತಿದರೆ ಫ್ಲ್ಯಾಶ್ ಚಿಪ್ ಕಾಣುತ್ತದೆ. ಅದರ ಕಾಲುಗಳಿಗೆ ಪುಟ್ಟ ಕ್ಲಿಪ್ ಕಚ್ಚಿಸಿ, ರಾಸ್ಪ್‌ಬೆರಿ ಪೈನಂಥ ಸಣ್ಣ ಕಂಪ್ಯೂಟರಿಗೆ ತಂತಿ ಜೋಡಿಸಿ, ಫ್ಲ್ಯಾಶ್‌ರಾಮ್ ಎಂಬ ಪ್ರೋಗ್ರಾಮಿನಿಂದ ಒಳಗಿರುವುದನ್ನು ಓದಬೇಕು. ಎರಡು ಸಲ ಓದಿ, ಎರಡೂ ಪ್ರತಿಗಳು ಒಂದೇ ಎಂದು ಖಾತ್ರಿಯಾದ ಮೇಲಷ್ಟೇ ಹೊಸದನ್ನು ಬರೆಯಬೇಕು, ಏಕೆಂದರೆ ಕ್ಲಿಪ್ ತುಸು ಸಡಿಲವಿದ್ದರೂ ಓದಿದ್ದು ತಪ್ಪಾಗುತ್ತದೆ, ಉಳಿಸಿಟ್ಟುಕೊಂಡ ಮೂಲಪ್ರತಿಯೂ ಕೆಲಸಕ್ಕೆ ಬಾರದು. ಬರೆದಾದ ಮೇಲೆ ಮೂಲ ಬಯಾಸ್ ಹೇರಿದ್ದ ಒಂದು ನಿರ್ಬಂಧವೂ ಹೋಗುತ್ತದೆ: ತಯಾರಕರು ಒಪ್ಪಿದ ವೈಫೈ ಕಾರ್ಡುಗಳನ್ನು ಬಿಟ್ಟು ಬೇರೆಯದನ್ನು ಹಾಕಿದರೆ ಯಂತ್ರ ಆರಂಭವಾಗಲು ಒಪ್ಪುತ್ತಿರಲಿಲ್ಲ. ಈಗ ಯಾವ ಫರ್ಮ್‌ವೇರ್ ಕಡತವನ್ನೂ ಬೇಡದ ಅಥೆರೋಸ್ ಕಾರ್ಡ್ ಹಾಕಬಹುದು. ಹೀಗೆ ಸಿದ್ಧಪಡಿಸಿದ ಎಕ್ಸ್200ಕ್ಕೆ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ 2015ರಲ್ಲಿ ತನ್ನ ಪ್ರಮಾಣಮುದ್ರೆ ಕೊಟ್ಟಿತು.

ಪತ್ರ ಬರೆಯಲು, ಪ್ರೋಗ್ರಾಂ ಬರೆಯಲು, ಓದಲು ಇಷ್ಟು ಸಾಕು. ವಿಡಿಯೊ ಕರೆ, ಭಾರವಾದ ಜಾಲತಾಣಗಳು, ಫೋಟೊ ತಿದ್ದುವ ಕೆಲಸ ಬಂದರೆ ಅದು ಏದುಸಿರು ಬಿಡುತ್ತದೆ. ಅದನ್ನು ಆರಿಸಿಕೊಳ್ಳುವವರು ಬದುಕಿನ ಕೆಲವು ಬಾಗಿಲುಗಳನ್ನು ತಿಳಿದೇ ಮುಚ್ಚಿಕೊಳ್ಳುತ್ತಾರೆ. ಇದು ಗೌರವಕ್ಕೆ ಯೋಗ್ಯವಾದ ತ್ಯಾಗ. ಎಲ್ಲರಿಂದಲೂ ಅದನ್ನೇ ನಿರೀಕ್ಷಿಸುವುದು ಸರಿಯೇ ಎಂಬುದು ಬೇರೆ ಪ್ರಶ್ನೆ, ಮತ್ತು ಆ ಪ್ರಶ್ನೆಯನ್ನು ಕಂಪ್ಯೂಟರ್ ಹುಟ್ಟುವುದಕ್ಕೆ ಬಹಳ ಹಿಂದೆಯೇ ಸೂಕ್ಷ್ಮವಾಗಿ ಬಿಡಿಸಿದ ಪರಂಪರೆಯೊಂದು ಕನ್ನಡ ನೆಲಕ್ಕೆ ಚೆನ್ನಾಗಿ ಪರಿಚಿತ.

ಜೈನ ಆಚಾರಶಾಸ್ತ್ರದಲ್ಲಿ ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ ಎಂಬ ಐದು ವ್ರತಗಳಿಗೆ ಎರಡು ರೂಪಗಳಿವೆ. ಮುನಿ ಪಾಲಿಸುವುದು ಮಹಾವ್ರತ, ಗೃಹಸ್ಥ ಪಾಲಿಸುವುದು ಅಣುವ್ರತ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಈ ಭೇದವನ್ನು ಹೇಳುತ್ತದೆ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಗೃಹಸ್ಥರಿಗಾಗಿಯೇ ಬರೆದ ಕೃತಿ. ಮುಳುಗುಂದದ ನಯಸೇನ 12ನೆಯ ಶತಮಾನದ ಆರಂಭದಲ್ಲಿ ಬರೆದ ಧರ್ಮಾಮೃತದ ಹದಿನಾಲ್ಕು ಆಶ್ವಾಸಗಳಲ್ಲಿ ಐದು ಈ ಐದು ವ್ರತಗಳ ಕತೆಗಳಿಗೇ ಮೀಸಲು. ಬೇಸಾಯ ಮಾಡುವವರು, ಅಡುಗೆ ಮಾಡುವವರು ಯಾವ ಜೀವಕ್ಕೂ ಹಾನಿಯಾಗದಂತೆ ಬದುಕಲಾರರು. ಅದಕ್ಕಾಗಿ ಅಹಿಂಸೆಯೇ ಅವರಿಗೆ ಸಲ್ಲದು ಎಂದು ಈ ಶಾಸ್ತ್ರ ಹೇಳಲಿಲ್ಲ. ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿತು. ಬೇಕೆಂದೇ ಮಾಡುವುದು ಸಂಕಲ್ಪಿ, ಮನೆವಾರ್ತೆಯಲ್ಲಿ ತಪ್ಪದೆ ಆಗುವುದು ಆರಂಭಿ, ಜೀವನೋಪಾಯದಲ್ಲಿ ಆಗುವುದು ಉದ್ಯೋಗಿ, ಆತ್ಮರಕ್ಷಣೆಯಲ್ಲಿ ಆಗುವುದು ವಿರೋಧಿ. ಗೃಹಸ್ಥರು ಮೊದಲನೆಯದನ್ನು ಪೂರ್ತಿ ಬಿಡಬೇಕು. ಉಳಿದವನ್ನು ಎಚ್ಚರದಿಂದ, ಆದಷ್ಟು ಕಡಿಮೆ ಮಾಡುತ್ತ ಬರಬೇಕು.

ಮುಚ್ಚಿದ ಫರ್ಮ್‌ವೇರ್ ಯಾವ ಜೀವವನ್ನೂ ಕೊಲ್ಲುವುದಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅವಿವೇಕ. ಇಲ್ಲಿ ಉಪಯೋಗಕ್ಕೆ ಬರುವುದು ವ್ರತದ ಬಗೆಗಿನ ಈ ವಿಚಾರಕ್ರಮ. ಮುಕ್ತವಾದ ಒಳ್ಳೆಯ ಬದಲಿ ಇದ್ದರೂ ಬರೀ ಅಭ್ಯಾಸದಿಂದ ಮುಚ್ಚಿದ ತಂತ್ರಾಂಶವನ್ನು ಹಾಕಿಕೊಳ್ಳುವುದು ಸಂಕಲ್ಪದ ಬಗೆಯದು. ನೌಕರಿ ಕೊಟ್ಟವರು ಬಳಸಲೇಬೇಕೆಂದು ಹೇಳಿದ ಪ್ರೋಗ್ರಾಂ ಉದ್ಯೋಗದ ಬಗೆಯದು. ಪ್ರೊಸೆಸರ್ ಎಚ್ಚರಗೊಳ್ಳಲು ಬೇಕೇಬೇಕಾದ ಕೋಡ್ ಆರಂಭದ ಬಗೆಯದು. ಈ ಮೂರನ್ನೂ ಒಂದೇ ಎಂದು ಭಾವಿಸಿದರೆ ಎರಡು ತಪ್ಪುಗಳಲ್ಲಿ ಒಂದು ಖಂಡಿತ: ಹೇಗೂ ಪೂರ್ತಿ ಶುದ್ಧಿ ಸಾಧ್ಯವಿಲ್ಲವೆಂದು ಎಲ್ಲವನ್ನೂ ಕೈಬಿಡುವುದು, ಅಥವಾ ಹಳೆಯ ಯಂತ್ರವೊಂದನ್ನು ಹಿಡಿದವರು ಮಾತ್ರ ಪ್ರಾಮಾಣಿಕರೆಂದು ಉಳಿದವರನ್ನು ಹೊರಗಿಡುವುದು.

ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬಲ್ಲಿ ಮುಕ್ತ ತಂತ್ರಾಂಶದ ಬಳಗದೊಳಗೇ ದೊಡ್ಡ ಭಿನ್ನಾಭಿಪ್ರಾಯವಿದೆ. ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ನ ನಿಲುವು ಹೀಗೆ: ಸಾಧನದೊಳಗೆ ಕಾರ್ಖಾನೆಯಲ್ಲೇ ಅಚ್ಚಾಗಿ, ಮುಂದೆ ಯಾರೂ ಬದಲಿಸದ ಕೋಡನ್ನು ವಿದ್ಯುತ್ ಮಂಡಲದ ಹಾಗೆ, ಅಂದರೆ ಯಂತ್ರಾಂಶದ ಭಾಗವಾಗಿಯೇ ಎಣಿಸಬಹುದು. ಆಪರೇಟಿಂಗ್ ಸಿಸ್ಟಂ ಡಿಸ್ಕಿನಿಂದ ಎತ್ತಿ ಸಾಧನಕ್ಕೆ ತುಂಬುವ ಮುಚ್ಚಿದ ಫರ್ಮ್‌ವೇರ್ ಮಾತ್ರ ತಂತ್ರಾಂಶ, ಅದು ಸಲ್ಲದು. ಇದರ ಹಿಂದೆ ತೂಕದ ತರ್ಕವೇ ಇದೆ. ಯಾರಿಂದಲೂ ಬದಲಿಸಲಾಗದ ವಸ್ತುವಿನ ಮುಂದೆ ತಯಾರಕರೂ ಬಳಕೆದಾರರೂ ಸಮಾನರು. ತಯಾರಕರಿಗೆ ಬದಲಿಸಲು ಬಂದು ಬಳಕೆದಾರರಿಗೆ ಬಾರದಿದ್ದಾಗ ಅಧಿಕಾರ ಒಂದೇ ಕಡೆ ಸೇರುತ್ತದೆ. ಸ್ವಾತಂತ್ರ್ಯವನ್ನು ಜನರ ನಡುವಿನ ಸಂಬಂಧವೆಂದು ಕಾಣುವ ಈ ನೋಟ ಅರ್ಥಪೂರ್ಣವಾದದ್ದು.

ಆದರೂ ಗೆರೆ ಸರಿಯಾದ ಜಾಗದಲ್ಲಿ ಬಿದ್ದಿಲ್ಲ ಎನ್ನಲೇಬೇಕು. ಎರಡು ವೈಫೈ ಕಾರ್ಡುಗಳಲ್ಲಿ ಒಂದೇ ಮುಚ್ಚಿದ ಕೋಡ್ ಇದ್ದು, ಒಂದು ಅದನ್ನು ತನ್ನೊಳಗಿನ ಚಿಪ್‌ನಲ್ಲಿ ಇಟ್ಟುಕೊಂಡಿದೆ, ಇನ್ನೊಂದು ಡಿಸ್ಕಿನಿಂದ ಪಡೆಯುತ್ತದೆ ಎನ್ನೋಣ. ಈ ನಿಲುವಿನ ಪ್ರಕಾರ ಮೊದಲನೆಯದು ಸಲ್ಲುತ್ತದೆ, ಎರಡನೆಯದು ಸಲ್ಲುವುದಿಲ್ಲ. ಆದರೆ ಎರಡನೆಯದರಲ್ಲಿ ಕೋಡು ಕಡತವಾಗಿ ಕಣ್ಣಿಗೆ ಬೀಳುತ್ತದೆ. ಆಸಕ್ತರು ಅದನ್ನು ಬಿಡಿಸಿ ನೋಡಬಹುದು, ಮುಂದೊಂದು ದಿನ ಮುಕ್ತ ಬದಲಿ ಬರೆಯಬಹುದು. ಮೊದಲನೆಯದರಲ್ಲಿ ಅದು ಇದೆ ಎಂಬುದೇ ಮರೆತುಹೋಗುತ್ತದೆ. ಅಚ್ಚಾಗಿದೆ ಎನ್ನುವ ಎಷ್ಟೋ ಕೋಡನ್ನು ತಯಾರಕರ ಸಲಕರಣೆಯಿಂದ ಬದಲಿಸಲು ಬರುತ್ತದೆ ಎಂಬುದೂ ನಿಜ. ಪ್ರೊಸೆಸರ್‌ನ ಮೈಕ್ರೋಕೋಡಿನಲ್ಲಿ ವಿಷಯ ಇನ್ನೂ ಸ್ಪಷ್ಟ. ಹಳೆಯ ಮೈಕ್ರೋಕೋಡ್ ಪ್ರೊಸೆಸರ್‌ನೊಳಗೆ ಇದ್ದೇ ಇದೆ. ಅದರ ತಿದ್ದುಪಡಿಯನ್ನು ಮುಚ್ಚಿದ್ದೆಂಬ ಕಾರಣಕ್ಕೆ ನಿರಾಕರಿಸಿದರೆ ಮುಚ್ಚಿದ ಕೋಡು ಹೋಗುವುದಿಲ್ಲ, ಅದರ ಹಳೆಯ ದೋಷಗಳು ಮಾತ್ರ ಉಳಿಯುತ್ತವೆ. 2018ರ ಜನವರಿಯಲ್ಲಿ ಸ್ಪೆಕ್ಟರ್, ಮೆಲ್ಟ್‌ಡೌನ್ ಎಂಬ ದೋಷಗಳು ಪ್ರಕಟವಾದಾಗ ಸ್ಪೆಕ್ಟರ್ ವಿರುದ್ಧದ ರಕ್ಷಣೆಗಳಲ್ಲಿ ಕೆಲವು ಮೈಕ್ರೋಕೋಡಿನ ತಿದ್ದುಪಡಿಯಾಗಿಯೇ ಬಂದವು.

ವ್ರತ ಹಿಡಿಯುವವರಲ್ಲಿ ಮೂರು ಶಲ್ಯಗಳು, ಎಂದರೆ ಮುಳ್ಳುಗಳು, ಇರಬಾರದೆಂದು ತತ್ತ್ವಾರ್ಥಸೂತ್ರದ ಪರಂಪರೆ ಹೇಳುತ್ತದೆ: ಮಾಯೆ, ಮಿಥ್ಯಾತ್ವ, ನಿದಾನ. ಮಾಯೆ ಅಂದರೆ ಕಪಟ. ತನಗೆ ತಾನೇ ಮಾಡಿಕೊಳ್ಳುವ ಕಪಟವೂ ಅದರಲ್ಲಿ ಸೇರುತ್ತದೆ. ಕಣ್ಣಿಗೆ ಕಾಣದಿದ್ದರೆ ಲೆಕ್ಕಕ್ಕಿಲ್ಲ ಎನ್ನುವ ನೇಮ ಈ ಮುಳ್ಳನ್ನು ಒಳಗಿಟ್ಟುಕೊಂಡೇ ನಡೆಯುತ್ತದೆ.

ಡೆಬಿಯನ್ ಯೋಜನೆ 2022ರಲ್ಲಿ ತಲುಪಿದ ತೀರ್ಮಾನ ಈ ದೃಷ್ಟಿಯಿಂದ ಹೆಚ್ಚು ಪ್ರಾಮಾಣಿಕ. 1993ರಲ್ಲಿ ಆರಂಭವಾದ ಈ ಲಿನಕ್ಸ್ ವಿತರಣೆ, ಪೂರ್ತಿ ಮುಕ್ತವಾಗಿಯೇ ಉಳಿಯುವ ಸಾಮಾಜಿಕ ಒಡಂಬಡಿಕೆಯೊಂದಕ್ಕೆ 1997ರಿಂದ ಬದ್ಧವಾಗಿದೆ. ಮುಕ್ತವಲ್ಲದ ಫರ್ಮ್‌ವೇರನ್ನು ಅದು ಬಹುಕಾಲ ತನ್ನ ಅಧಿಕೃತ ಇನ್‌ಸ್ಟಾಲರಿನಿಂದ ಹೊರಗಿಟ್ಟಿತ್ತು. ಹೊಸ ಲ್ಯಾಪ್‌ಟಾಪಿನಲ್ಲಿ ಇನ್‌ಸ್ಟಾಲ್ ಮಾಡಲು ಕೂತವರಿಗೆ ವೈಫೈ ನಡೆಯುತ್ತಿರಲಿಲ್ಲ, ಬೇಕಾದ ಕಡತವನ್ನು ಇಳಿಸಿಕೊಳ್ಳಲು ವೈಫೈಯೇ ಬೇಕಾಗುತ್ತಿತ್ತು. ಕಣ್ಣು ಕಾಣದವರು ಇನ್‌ಸ್ಟಾಲರಿನ ಧ್ವನಿಯನ್ನು ನೆಚ್ಚಿದ್ದರೆ, ಸೌಂಡ್ ಚಿಪ್‌ಗೂ ಫರ್ಮ್‌ವೇರ್ ಬೇಕಾದ ಯಂತ್ರಗಳಲ್ಲಿ ಮೊದಲ ಹೆಜ್ಜೆಯೇ ನಿಂತುಹೋಗುತ್ತಿತ್ತು. ನೇಮದ ಭಾರ ದುರ್ಬಲರ ಮೇಲೆ ಹೆಚ್ಚು ಬೀಳುತ್ತಿದ್ದದ್ದು ಇಲ್ಲಿ ಕಾಣುತ್ತದೆ. ಸದಸ್ಯರ ಮತದಾನದ ನಂತರ ಒಡಂಬಡಿಕೆಗೇ ತಿದ್ದುಪಡಿ ತಂದು, ಫರ್ಮ್‌ವೇರನ್ನು ಪ್ರತ್ಯೇಕ ಹೆಸರಿನ ವಿಭಾಗದಲ್ಲಿಟ್ಟು, ಅಗತ್ಯವಿದ್ದರೆ ಬಳಸುವ, ಬೇಡವೆಂದವರು ಆರಂಭದಲ್ಲೇ ತಡೆಯುವ ಏರ್ಪಾಡು ಮಾಡಿದರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12 ಹೀಗೆ ಹೊರಬಂದ ಮೊದಲ ಆವೃತ್ತಿ. ತಪ್ಪದ ವಸ್ತುವನ್ನು ಬಚ್ಚಿಡದೆ ಹೆಸರಿಟ್ಟು ಬೇರೆ ಕಪಾಟಿನಲ್ಲಿ ಇಟ್ಟರು. ಲಿಬ್ರೆಬೂಟ್ ಸಹ 2022ರ ನವೆಂಬರಿನಲ್ಲಿ ತನ್ನ ನೀತಿ ಬದಲಿಸಿ, ಮುಚ್ಚಿದ ತುಣುಕು ಒಂದೂ ಇರಬಾರದು ಎಂಬಲ್ಲಿಂದ ಆದಷ್ಟು ಕಡಿಮೆಯಿರಲಿ ಎಂಬಲ್ಲಿಗೆ ಬಂತು. ಒಪ್ಪದವರು ಗ್ನೂ ಬೂಟ್ ಎಂಬ ಬೇರೆ ಯೋಜನೆ ಆರಂಭಿಸಿದರು. ಮಹಾವ್ರತದ ಮಾರ್ಗವನ್ನು ತೆರೆದಿಟ್ಟವರೂ ಇರಬೇಕಾದ್ದೇ. ಇನ್ನೂ ಎಷ್ಟು ಬಿಡಲು ಸಾಧ್ಯ ಎಂಬುದು ಗೃಹಸ್ಥರಿಗೆ ತಿಳಿಯುವುದು ಅವರಿಂದ.

ಅಣುವ್ರತ ಸೋಮಾರಿತನಕ್ಕೆ ನೆಪವಾಗುವ ಅಪಾಯ ಇದ್ದೇ ಇದೆ. ಅದನ್ನು ಬಲ್ಲವರಾಗಿಯೇ ಜೈನ ಆಚಾರ್ಯರು ಪ್ರತಿ ವ್ರತಕ್ಕೂ ಐದೈದು ಅತಿಚಾರಗಳನ್ನು, ಅಂದರೆ ವ್ರತ ಮುರಿಯದಿದ್ದರೂ ಅದನ್ನು ಸವೆಸುವ ನಡೆಗಳನ್ನು, ಪಟ್ಟಿ ಮಾಡಿದರು. ಶ್ರಾವಕರು ಏರಬೇಕಾದ ಹನ್ನೊಂದು ಪ್ರತಿಮೆಗಳನ್ನು, ಎಂದರೆ ಮೆಟ್ಟಿಲುಗಳನ್ನು, ಹೇಳಿದರು. ಸಣ್ಣ ವ್ರತಕ್ಕೆ ದಿಕ್ಕು ಇರಬೇಕು. ಈಗಿನ ಲ್ಯಾಪ್‌ಟಾಪಿನಲ್ಲಿ ಮೂರು ಮುಚ್ಚಿದ ಭಾಗಗಳಿದ್ದರೆ ಮುಂದಿನದರಲ್ಲಿ ಎರಡಿರಲಿ ಎನ್ನುವ ಹಂಬಲ ಇಲ್ಲದಲ್ಲಿ ಅಣುವ್ರತ ಬರಿಯ ಹೆಸರು.

ಶುದ್ಧಿಯ ಹುಡುಕಾಟಕ್ಕೆ ಇನ್ನೊಂದು ತೊಡಕಿದೆ. ಎಲ್ಲ ಕೋಡೂ ತೆರೆದಿದ್ದರೆ ಸಾಕೇ? ಯುನಿಕ್ಸ್ ರೂಪಿಸಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್, 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿಯ ಭಾಷಣದಲ್ಲಿ, ಸಾಲದು ಎಂದು ತೋರಿಸಿದರು. ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರಿನಲ್ಲೇ ಮೋಸ ಸೇರಿಸಿದರೆ ಸೋರ್ಸ್ ಕೋಡಿನಲ್ಲಿ ಅದರ ಗುರುತು ಉಳಿಯದಂತೆ ಮಾಡಬಹುದು. ಕಂಪೈಲರನ್ನು ನಂಬಲು ಅದನ್ನು ಕಟ್ಟಿದ ಕಂಪೈಲರನ್ನು ನಂಬಬೇಕು, ಅದಕ್ಕೆ ಅದರ ಹಿಂದಿನದನ್ನು. ಭಾರತೀಯ ತರ್ಕಶಾಸ್ತ್ರ ಇದನ್ನು ಅನವಸ್ಥೆ ಎಂದು ಕರೆದು, ಎಲ್ಲಿಯೂ ನಿಲ್ಲದ ವಾದಸರಣಿ ದೋಷ ಎಂದು ಎಣಿಸಿತು. ಗ್ನೂ ಗೀಕ್ಸ್ ಎಂಬ ವ್ಯವಸ್ಥೆಯವರು 2023ರಲ್ಲಿ ಈ ಸರಪಳಿಯ ಆದಿಯನ್ನು 357 ಬೈಟ್‌ಗಳ ಒಂದು ಪುಟ್ಟ ಪ್ರೋಗ್ರಾಮಿಗೆ ಇಳಿಸಿದರು. ಅಷ್ಟನ್ನು ಒಬ್ಬ ವ್ಯಕ್ತಿ ಕೂತು ಅಕ್ಷರ ಅಕ್ಷರವಾಗಿ ಪರಿಶೀಲಿಸಬಹುದು. ಅದ್ಭುತವಾದ ಸಾಧನೆ ಇದು. ಆದರೂ ಆ 357 ಬೈಟ್‌ಗಳು ಓಡುವುದು ಯಾರೋ ಎಲ್ಲೋ ಅಚ್ಚು ಹಾಕಿದ ಸಿಲಿಕಾನಿನ ಮೇಲೆ. ಬರ್ಲಿನ್ನಿನ ಎಂಎನ್‌ಟಿ ರಿಫಾರ್ಮ್ ಎಂಬ ಲ್ಯಾಪ್‌ಟಾಪ್ ತನ್ನ ಮಂಡಲಗಳ ನಕ್ಷೆಯನ್ನೂ ಬಹಿರಂಗವಾಗಿ ಹಂಚುತ್ತದೆ. ಅದರ ಮೊದಲ ಮಾದರಿಯಲ್ಲೂ ಮೆಮೊರಿಯನ್ನು ಸಿದ್ಧಗೊಳಿಸಲು ಮುಚ್ಚಿದ ಒಂದು ತುಣುಕು ಬೇಕಾಯಿತು. ಅಂದಮೇಲೆ ನಂಬಿಕೆ ಎಲ್ಲೋ ಒಂದೆಡೆ ನಿಲ್ಲಲೇಬೇಕು. ಎಲ್ಲಿ ನಿಂತಿದೆ ಎಂಬುದು ಬಳಸುವವರಿಗೆ ಗೊತ್ತಿರಬೇಕು, ಬೇಕಾದಾಗ ಇನ್ನೊಂದು ಹೆಜ್ಜೆ ಕೆಳಗಿಳಿಯಲು ದಾರಿ ಇರಬೇಕು. ಕಾಯ್ದುಕೊಳ್ಳಬೇಕಾದ ಸ್ವಾತಂತ್ರ್ಯ ಇದು.

ಬೀಗ ಇರುವುದೇ ತಪ್ಪು ಎಂಬ ತೀರ್ಮಾನಕ್ಕೂ ಹೋಗಬೇಕಿಲ್ಲ. 2012ರಲ್ಲಿ ವಿಂಡೋಸ್ 8ರೊಂದಿಗೆ ವ್ಯಾಪಕವಾದ ಸೆಕ್ಯೂರ್ ಬೂಟ್, ಒಪ್ಪಿಗೆಯ ಸಹಿ ಇಲ್ಲದ ಕೋಡು ಆರಂಭವಾಗದಂತೆ ತಡೆಯುತ್ತದೆ. ಕಳ್ಳಕೋಡಿನಿಂದ ರಕ್ಷಿಸುವ ಒಳ್ಳೆಯ ಉಪಾಯವೇ ಅದು. ತಮ್ಮ ಕೀಲಿಯನ್ನು ಸೇರಿಸುವ ಅವಕಾಶ ಮಾಲೀಕರಿಗೆ ಇದ್ದರೆ ಬೀಗ ಮಾಲೀಕರದು, ಇಲ್ಲದಿದ್ದರೆ ತಯಾರಕರದು. 2007ರ ಮೂರನೆಯ ಗ್ನೂ ಪರವಾನಗಿ ಇದೇ ಆತಂಕದಿಂದ ಹೊಸ ಷರತ್ತು ಸೇರಿಸಿತು, ಏಕೆಂದರೆ ಟಿವೊ ಎಂಬ ಟಿವಿ ರೆಕಾರ್ಡರಿನಲ್ಲಿ ಲಿನಕ್ಸ್‌ನ ಸೋರ್ಸ್ ಕೋಡ್ ಸಿಗುತ್ತಿತ್ತು, ತಿದ್ದಿದ್ದನ್ನು ಮಾತ್ರ ಆ ಯಂತ್ರ ಓಡಿಸುತ್ತಿರಲಿಲ್ಲ. ಲ್ಯಾಪ್‌ಟಾಪ್ ಕೊಳ್ಳುವಾಗ ಸೆಟಪ್‌ನಲ್ಲಿ ಸೆಕ್ಯೂರ್ ಬೂಟನ್ನು ನಿಲ್ಲಿಸಲು, ಸ್ವಂತ ಕೀಲಿ ಹಾಕಲು ಬರುತ್ತದೆಯೇ ಎಂದು ನೋಡುವುದು ಮೇಲ್ನೋಟಕ್ಕೆ ಸಣ್ಣದಾದರೂ ಮುಖ್ಯ ಪರೀಕ್ಷೆ.

ಇಷ್ಟನ್ನು ಮನಸ್ಸಿನಲ್ಲಿಟ್ಟು ಆಯ್ಕೆಗೆ ಬಂದರೆ, ಮೊದಲು ಗ್ರಾಫಿಕ್ಸ್. ಇಂಟೆಲ್ ಮತ್ತು ಎಎಂಡಿಯ ಚಿಪ್‌ಗಳಿಗೆ ಮುಕ್ತ ಡ್ರೈವರ್‌ಗಳು ಕರ್ನಲ್ಲಿನೊಳಗೇ ಇವೆ. ಫರ್ಮ್‌ವೇರ್ ಕಡತ ಬೇಕಾದರೂ ಡ್ರೈವರ್ ತೆರೆದದ್ದು. ಎನ್‌ವಿಡಿಯಾದೊಡನೆ ಸಂಬಂಧ ಬಹುಕಾಲ ಕಹಿಯಾಗಿತ್ತು. ಟೋರ್ವಾಲ್ಡ್ಸ್ 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ವೇದಿಕೆಯಿಂದಲೇ ಆ ಕಂಪನಿಯ ಮೇಲೆ ಸಿಟ್ಟು ತೋರಿಸಿದ್ದರು. 2022ರ ಮೇ ತಿಂಗಳಲ್ಲಿ ಎನ್‌ವಿಡಿಯಾ ತನ್ನ ಕರ್ನಲ್ ಮಾಡ್ಯೂಲ್‌ಗಳನ್ನು ತೆರೆಯಿತು, ಆದರೆ ಅದರ ಮೇಲಿನ ಪದರಗಳು ಮುಚ್ಚಿಯೇ ಇವೆ. ಅಗತ್ಯವಿಲ್ಲದವರು ಎನ್‌ವಿಡಿಯಾ ಚಿಪ್ ಇಲ್ಲದ ಮಾದರಿಯನ್ನೇ ಕೊಳ್ಳುವುದು ಒಳಿತು. ವೈಫೈಯಲ್ಲಿ ಇಂಟೆಲ್ ಕಾರ್ಡುಗಳು ಕಡತ ಬೇಡಿದರೂ ನಂಬಿಕಸ್ಥವಾಗಿ ನಡೆಯುತ್ತವೆ. ಕಾರ್ಡು ಬೋರ್ಡಿಗೆ ಬೆಸುಗೆಯಾಗಿರದೆ ತೆಗೆದು ಹಾಕುವಂತಿದ್ದರೆ ಮುಂದೆ ಬದಲಿಸಬಹುದು. ಬೆರಳಚ್ಚಿನ ಸಾಧನ ನಡೆಯದಿದ್ದರೂ ಬದುಕು ನಿಲ್ಲದು. ಕ್ಯಾಮೆರಾದ ಬಗ್ಗೆ ಎಚ್ಚರ ಬೇಕು, ಏಕೆಂದರೆ ಯುಎಸ್‌ಬಿ ಬಗೆಯವು ಸಲೀಸಾಗಿ ನಡೆಯುತ್ತವೆ, ಇಂಟೆಲ್‌ನ ಕೆಲವು ಹೊಸ ಯಂತ್ರಗಳಲ್ಲಿ ನೇರವಾಗಿ ಪ್ರೊಸೆಸರಿಗೆ ಜೋಡಿಸಿದ ಕ್ಯಾಮೆರಾಗಳು ಲಿನಕ್ಸ್‌ನಲ್ಲಿ ಬಹಳ ದಿನ ಸತಾಯಿಸಿವೆ. ಮುಚ್ಚಳ ಹಾಕಿದಾಗ ನಿಜವಾಗಿ ಮಲಗುವ ಹಳೆಯ ವಿಧಾನವನ್ನು ಹಲವು ಹೊಸ ಮಾದರಿಗಳು ಕೈಬಿಟ್ಟು, ಅರೆನಿದ್ದೆಯ ವಿಧಾನವನ್ನಷ್ಟೇ ಉಳಿಸಿಕೊಂಡಿವೆ. ಅದು ಸರಿಹೊಂದದ ಯಂತ್ರ ಚೀಲದೊಳಗೆ ಬಿಸಿಯಾಗಿ ಬ್ಯಾಟರಿ ಖಾಲಿ ಮಾಡಿರುತ್ತದೆ.

ಭಾರತದಲ್ಲಿ ಡಾಸ್ ಅಥವಾ ಯಾವುದೋ ಲಿನಕ್ಸ್ ಹಾಕಿ ಕಡಿಮೆ ಬೆಲೆಗೆ ಮಾರುವ ಲ್ಯಾಪ್‌ಟಾಪ್‌ಗಳನ್ನು ನೋಡಿ ಅವು ಲಿನಕ್ಸ್‌ಗೆಂದೇ ಮಾಡಿದವು ಎಂದುಕೊಳ್ಳಬಾರದು. ಹಲವು ಬಾರಿ ವಿಂಡೋಸ್‌ನ ಬೆಲೆ ಉಳಿದಿರುತ್ತದೆ, ಅಷ್ಟೇ. ಪರೀಕ್ಷಿಸಿ ಮಾರುವುದು ಬೇರೆ. ಡೆಲ್ 2012ರಲ್ಲಿ ಪ್ರಾಜೆಕ್ಟ್ ಸ್ಪುಟ್ನಿಕ್ ಹೆಸರಿನಲ್ಲಿ ಉಬುಂಟು ಸಹಿತ ಎಕ್ಸ್‌ಪಿಎಸ್ 13 ತಂದಿತು. ಲೆನೊವೊ 2020ರಲ್ಲಿ ಕೆಲವು ಥಿಂಕ್‌ಪ್ಯಾಡ್‌ಗಳನ್ನು ಫೆಡೋರಾದೊಂದಿಗೆ ಕೊಟ್ಟಿತು. ಡೆನ್ವರ್‌ನ ಸಿಸ್ಟಂ76, ಜರ್ಮನಿಯ ಟಕ್ಸಿಡೊ ಲಿನಕ್ಸ್‌ಗೆಂದೇ ಯಂತ್ರ ಮಾರುತ್ತವೆ. 2021ರಲ್ಲಿ ಬಂದ ಫ್ರೇಮ್‌ವರ್ಕ್ ಲ್ಯಾಪ್‌ಟಾಪನ್ನು ಹೆಚ್ಚುಕಡಿಮೆ ಪ್ರತಿ ಭಾಗವನ್ನೂ ಬಳಕೆದಾರರೇ ಬದಲಿಸುವಂತೆ ಕಟ್ಟಲಾಗಿದೆ. ಬಯಾಸ್‌ನ ತಿದ್ದುಪಡಿಗಳನ್ನು ಲಿನಕ್ಸ್‌ನೊಳಗಿಂದಲೇ ಹಾಕಿಕೊಳ್ಳಲು ಎಲ್‌ವಿಎಫ್‌ಎಸ್ ಎಂಬ ಸಾಮಾನ್ಯ ಭಂಡಾರವಿದೆ. ತಯಾರಕರು ಅಲ್ಲಿಗೆ ಫರ್ಮ್‌ವೇರ್ ಕಳುಹಿಸುತ್ತಿದ್ದಾರೆಯೇ ಎಂಬುದು, ಮಾರಿದ ಮೇಲೂ ಲಿನಕ್ಸ್ ಬಳಕೆದಾರರ ನೆನಪು ಅವರಿಗಿದೆಯೇ ಎಂಬುದರ ಗುರುತು.

ಕಣ್ಣಾರೆ ನೋಡಿ ಕೊಳ್ಳುವವರಿಗೆ ಒಳ್ಳೆಯ ದಾರಿ ಎಂದರೆ ಲೈವ್ ಪೆನ್‌ಡ್ರೈವ್. ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಕಂಪನಿಗಳಿಂದ ಹೊರಬಂದ ಹಳೆಯ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್‌ಗಳು ಸಿಗುತ್ತವೆ. ಅಂಗಡಿಯವರು ಒಪ್ಪಿದರೆ ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವಿನಿಂದಲೇ ಲಿನಕ್ಸ್ ಎಬ್ಬಿಸಬಹುದು. ಎಲ್‌ಎಸ್‌ಪಿಸಿಐ ಆಜ್ಞೆ ಒಳಗಿನ ಪಿಸಿಐ ಸಾಧನಗಳ ಹೆಸರನ್ನೂ, ಜತೆಗೆ -k ಎಂದು ಸೇರಿಸಿದರೆ ಅವನ್ನು ನೋಡಿಕೊಳ್ಳುವ ಡ್ರೈವರನ್ನೂ ತೋರಿಸುತ್ತದೆ. ಡಿಮೆಸೇಜ್ ಆಜ್ಞೆಯ ಸಾಲುಗಳಲ್ಲಿ ಯಾವ ಫರ್ಮ್‌ವೇರ್ ಕಡತ ತುಂಬಲಾಯಿತು, ಯಾವುದು ಸಿಗಲಿಲ್ಲ ಎಂಬುದು ಬರೆದಿರುತ್ತದೆ. ಮುಚ್ಚಳ ಹಾಕಿ ತೆರೆದು, ಹಾಡು ನುಡಿಸಿ, ಕ್ಯಾಮೆರಾ ತೆರೆದು ನೋಡಬೇಕು. ಕೀಬೋರ್ಡ್ ವಿನ್ಯಾಸಗಳ ಪಟ್ಟಿಯಲ್ಲಿ ಕನ್ನಡದ ಕಗಪ ಸಹ ಇದೆ. ಅದನ್ನು ಆರಿಸಿ ಒಂದೆರಡು ಸಾಲು ಹೊಡೆದರೆ ಕೀಲಿಗಳ ಸ್ಥಿತಿಯೂ, ಪರದೆಯ ಮೇಲೆ ಒತ್ತಕ್ಷರಗಳು ಓದಲು ಬರುತ್ತವೆಯೇ ಎಂಬುದೂ ಗೊತ್ತಾಗುತ್ತದೆ. ಒಂದೇ ಮಾದರಿಯ ಹೆಸರಿನಲ್ಲಿ ಬೇರೆ ಬೇರೆ ವೈಫೈ ಕಾರ್ಡು, ಬೇರೆ ಪರದೆ ಇರುವುದುಂಟು. ಆದ್ದರಿಂದ ಇನ್ನೊಬ್ಬರ ಯಂತ್ರದಲ್ಲಿ ನಡೆದದ್ದು ಇಲ್ಲಿಯೂ ನಡೆಯುತ್ತದೆಂದು ಹೇಳಲಾಗದು.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದು, ವಿಂಡೋಸ್ 11ರ ಷರತ್ತುಗಳಿಗೆ ಹೊಂದದ ಎಷ್ಟೋ ಯಂತ್ರಗಳು ಬೆಲೆ ಕಳೆದುಕೊಂಡಿವೆ. ಅವುಗಳಲ್ಲಿ ಬಹಳಷ್ಟು ಲಿನಕ್ಸ್‌ಗೆ ಚೆನ್ನಾಗಿ ಒಗ್ಗುವಂಥವು, ಏಕೆಂದರೆ ಹಳೆಯ ಮಾದರಿಗಳ ಡ್ರೈವರ್‌ಗಳು ವರ್ಷಗಳಿಂದ ಕರ್ನಲ್ಲಿನಲ್ಲಿ ಪಳಗಿವೆ. ಐದು ವ್ರತಗಳಲ್ಲಿ ಕೊನೆಯದಾದ ಅಪರಿಗ್ರಹದ ಕಡೆಯಿಂದ ನೋಡಿದರೆ ಹೊಸದನ್ನು ಕೊಳ್ಳದಿರುವುದೂ ಒಂದು ಆಯ್ಕೆ, ಮತ್ತು ಹಲವರಿಗೆ ಅದೇ ಮೊದಲ ಆಯ್ಕೆಯಾಗಬೇಕು. ಇರುವ ಯಂತ್ರಕ್ಕೆ ಎಸ್‌ಎಸ್‌ಡಿ, ಮೆಮೊರಿ, ಹೊಸ ಬ್ಯಾಟರಿ ಹಾಕಿದರೆ ಇನ್ನೂ ಕೆಲವು ವರ್ಷ ನಡೆಯುತ್ತದೆ. ಯಾವುದನ್ನೇ ಆರಿಸಿಕೊಂಡರೂ ಅದರಲ್ಲಿ ಏನು ನಡೆಯಿತು, ಏನು ನಡೆಯಲಿಲ್ಲ, ಯಾವ ಕರ್ನಲ್ ಆವೃತ್ತಿಯಲ್ಲಿ ಎಂಬುದನ್ನು ವಿತರಣೆಯ ವಿಕಿಯಲ್ಲೋ ಹಾರ್ಡ್‌ವೇರ್ ವರದಿಗಳ ಭಂಡಾರದಲ್ಲೋ ದಾಖಲಿಸಿದರೆ ಮುಂದೆ ಕೊಳ್ಳುವವರಿಗೆ ಮಾಹಿತಿ ಸಿಗುತ್ತದೆ, ಡ್ರೈವರ್ ಬರೆಯುವವರಿಗೆ ದೋಷ ಎಲ್ಲಿದೆಯೆಂದು ತಿಳಿಯುತ್ತದೆ.